ಮೂಳೆ ಡ್ರಿಲ್ ಆಚೆ ಬದಿ ದಾಟಿದ ಕೂಡಲೇ ತಾನಾಗಿ ನಿಲ್ಲಬೇಕು: ಯಾವ ಸೆನ್ಸರ್, ಎಲ್ಲಿ ಕೂರಿಸಬೇಕು?

ಬಯೋಮೆಡ್_ತುಮಕೂರು

ಎಲ್ಲರಿಗೂ ನಮಸ್ಕಾರ. ಮೂಳೆ ಶಸ್ತ್ರಚಿಕಿತ್ಸೆಯ ಡ್ರಿಲ್ ಹ್ಯಾಂಡ್‌ಪೀಸ್‌ಗೆ ಸ್ವಯಂ ನಿಲುಗಡೆ ಅಳವಡಿಸುವ ಬಗ್ಗೆ ಚರ್ಚೆ ಬೇಕಾಗಿದೆ. 2.5 ಮಿ.ಮೀ. ಬಿಟ್ (3.5ರ ಕಾರ್ಟಿಕಲ್ ಸ್ಕ್ರೂಗೆ) ಮತ್ತು 3.2 ಮಿ.ಮೀ. ಬಿಟ್ (4.5ರ ಸ್ಕ್ರೂಗೆ), ಸದ್ಯ ಈ ಎರಡು ಅಳತೆ ಸಾಕು. ವೇಗ 900 ಆರ್‌ಪಿಎಂ. ಬ್ಯಾಟರಿ ಮೇಲೆ ನಡೆಯುವ ಬಿಎಲ್‌ಡಿಸಿ ಮೋಟರ್, 16ಕ್ಕೆ 1 ಗೇರ್‌ಬಾಕ್ಸ್.

ಬಿಟ್ ಆಚೆ ಬದಿಯ ಕಾರ್ಟೆಕ್ಸ್ (ಮೂಳೆಯ ಗಟ್ಟಿ ಹೊರಪದರ) ದಾಟಿದ್ದನ್ನು ಗುರುತಿಸಿ ಮೋಟರ್ ನಿಲ್ಲಿಸಬೇಕು, ಅದೇ ಹೊತ್ತಿಗೆ ತೂತಿನ ಆಳವನ್ನೂ ತೋರಿಸಬೇಕು. ಈಗಿನ ಯೋಜನೆ ಹೀಗಿದೆ: ಹಿಡಿಕೆ ಮತ್ತು ಮೋಟರ್ ನಡುವೆ ಒಂದು ಬಟನ್ ಲೋಡ್ ಸೆಲ್ (ಒತ್ತುವ ಬಲ ಅಳೆಯುವ ಸೆನ್ಸರ್), ಅದನ್ನು ಓದಲು ಎಚ್‌ಎಕ್ಸ್711 ಚಿಪ್, ಟಾರ್ಕ್ (ತಿರುಚು ಬಲ) ತಿಳಿಯಲು ಮೋಟರ್ ಕರೆಂಟ್. ಬಲ ಥಟ್ಟನೆ ಇಳಿದರೆ ಮೋಟರ್ ಶಾರ್ಟ್ ಮಾಡಿ ಬ್ರೇಕ್. ಇದರಲ್ಲಿ ಎಲ್ಲೆಲ್ಲಿ ತೊಂದರೆ ಬರುತ್ತದೆ?

ಗೇಜ್_ಅಂಟಿಸುವವ

ಮೊದಲು ಎಚ್‌ಎಕ್ಸ್711 ಕೈಬಿಡಿ. ಅದು ತೂಕದ ಯಂತ್ರಕ್ಕೆಂದೇ ಮಾಡಿದ ಚಿಪ್. ಸೆಕೆಂಡಿಗೆ 10 ಇಲ್ಲವೇ 80 ಓದು ಕೊಡುತ್ತದೆ, 80ರಲ್ಲಿ ಇಟ್ಟರೂ ಇನ್‌ಪುಟ್ ಬದಲಾದ ಮೇಲೆ ಪೂರ್ತಿ ನೆಲೆಗೊಳ್ಳಲು 50 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಆಗಬಾರದ್ದು ಆಗಿ ಮುಗಿದಿರುತ್ತದೆ. ಅದೇ ಕೆಲಸದ ವೇಗದ ಚಿಪ್, ಎಡಿಎಸ್131ಎಂ02 ಅಥವಾ ಎಡಿಎಸ್1256 ತೆಗೆದುಕೊಳ್ಳಿ. 131ಎಂ02ನಲ್ಲಿ ರೆಫರೆನ್ಸ್ ಒಳಗೇ ಇದೆ, ಹಾಗಾಗಿ ಬ್ರಿಜ್‌ಗೆ (ಸೆನ್ಸರ್‌ನ ಗೇಜ್‌ಗಳ ಜೋಡಣೆಗೆ) ಕೊಡುವ ಎಕ್ಸೈಟೇಶನ್ ವೋಲ್ಟೇಜ್ ಅಲುಗಿದರೆ ಓದೂ ಅಲುಗುತ್ತದೆ. ಎರಡನೇ ಚಾನೆಲ್‌ಗೆ ಡಿವೈಡರ್ ಮೂಲಕ ಎಕ್ಸೈಟೇಶನ್ನನ್ನೇ ಕೊಟ್ಟು, ಮೊದಲ ಚಾನೆಲ್‌ನ ಓದನ್ನು ಅದರಿಂದ ಭಾಗಿಸಿ. ಸೆಕೆಂಡಿಗೆ 4,000 ಓದು ಸಾಕು, ಹೆಚ್ಚು ಬೇಡ.

ಎರಡನೆಯದು ಸೆನ್ಸರ್ ಕೂರುವ ಜಾಗ. ಹಿಡಿಕೆಯ ಹತ್ತಿರ ಇಟ್ಟರೆ ಅದರ ಮುಂದೆ ಮೋಟರ್, ಗೇರ್‌ಬಾಕ್ಸ್, ಚಕ್ ಎಲ್ಲ ನೇತಾಡುತ್ತವೆ. 900 ಗ್ರಾಂ ಅಂತ ಹಿಡಿಯಿರಿ. ಡ್ರಿಲ್ ಕೆಳಮುಖವಾಗಿದ್ದಾಗ ಒಂದು ಸೊನ್ನೆ, ಮೇಲ್ಮುಖವಾದಾಗ ಇನ್ನೊಂದು. ಅಡ್ಡ ಹಿಡಿದಾಗಿನ ಸೊನ್ನೆಯಿಂದ ಆಚೆಗೂ ಈಚೆಗೂ ಸುಮಾರು 9 ನ್ಯೂಟನ್. ಕೈ ನಡುಗಿದರೆ ಆ ತೂಕದ ಜಡತ್ವವೂ ಸೇರಿಕೊಳ್ಳುತ್ತದೆ. ಸೆನ್ಸರನ್ನು ಗೇರ್‌ಬಾಕ್ಸ್‌ನ ಮುಂದೆ, ಶಾಫ್ಟ್‌ನ ಥ್ರಸ್ಟ್ ಬೇರಿಂಗ್ ಹಿಂದೆ, ತಿರುಗದ ಒಂದು ಉಂಗುರವಾಗಿ ಮಾಡಿ. ಆಗ ಮುಂದಿರುವುದು ಚಕ್ ಮತ್ತು ಬಿಟ್ ಮಾತ್ರ, ಸುಮಾರು 150 ಗ್ರಾಂ, ಅಂದರೆ ಒಂದೂವರೆ ನ್ಯೂಟನ್. ಅದನ್ನು ಒಂದು ಆಕ್ಸಿಲರೊಮೀಟರ್‌ನಿಂದ ಕಳೆಯಬಹುದು.

ಉಂಗುರದ ಲೆಕ್ಕ: 17-4 ಪಿಎಚ್ ಸ್ಟೇನ್‌ಲೆಸ್, ಎಚ್900 ಹದ (ಬಿಸಿ ಮಾಡಿ ಗಟ್ಟಿಗೊಳಿಸಿದ್ದು). ನಾಲ್ಕು ಕಡ್ಡಿ, ಒಂದೊಂದೂ 6 ಮಿ.ಮೀ. ಉದ್ದ, 4 ಅಗಲ, 0.8 ದಪ್ಪ. 50 ನ್ಯೂಟನ್ ಒತ್ತಿದರೆ ಒಂದು ಕಡ್ಡಿಗೆ 12.5. ಎರಡೂ ತುದಿ ಬಿಗಿಯಾಗಿರುವುದರಿಂದ ತುದಿಯಲ್ಲಿ ಒತ್ತಡ ಸುಮಾರು 88 ಮೆಗಾಪಾಸ್ಕಲ್, ಸ್ಟ್ರೇನ್ 445 ಮೈಕ್ರೊ. ಗೇಜ್‌ಗೂ (ಸ್ಟ್ರೇನ್ ಅಳೆಯಲು ಕಡ್ಡಿಗೆ ಅಂಟಿಸುವ ಪಟ್ಟಿ) ಒಂದಷ್ಟು ಉದ್ದ ಇರುತ್ತದಲ್ಲ, ಸರಾಸರಿ 300 ಸಿಕ್ಕರೆ ಸಾಕು. ನಾಲ್ಕೂ ಗೇಜ್ ಕೆಲಸ ಮಾಡುವ ಪೂರ್ಣ ಬ್ರಿಜ್, 5 ವೋಲ್ಟ್: 50 ನ್ಯೂಟನ್‌ಗೆ ಸುಮಾರು 3.1 ಮಿಲಿವೋಲ್ಟ್. ಅಂದರೆ ನ್ಯೂಟನ್‌ಗೆ 60 ಮೈಕ್ರೊವೋಲ್ಟ್ ಚಿಲ್ಲರೆ. ಗೇನ್ 32 ಇಟ್ಟರೆ 0.1 ನ್ಯೂಟನ್ ಸಲೀಸಾಗಿ ಕಾಣುತ್ತದೆ.

350 ಓಮ್ ಗೇಜ್ ತೆಗೆದುಕೊಳ್ಳಿ, 120 ಬೇಡ, ಬಿಸಿ ಕಡಿಮೆ. ಉಕ್ಕಿನ ಹಿಗ್ಗುವಿಕೆಗೆ ಹೊಂದುವ ಸಂಖ್ಯೆಯದ್ದೇ ಕೇಳಿ: 17-4ಕ್ಕೆ 11 ಬಳಿಯದು, ಅಲ್ಯೂಮಿನಿಯಂಗೆ ಇರುವ 23 ಅಲ್ಲ.

ಟೂಲ್‌ರೂಮ್_ಪೀಣ್ಯ

ಆ ಉಂಗುರ ವೈರ್‌ಕಟ್‌ನಲ್ಲೇ (ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವುದು) ಆಗಬೇಕು, ಮಿಲ್ಲಿಂಗ್‌ನಲ್ಲಿ 0.8ರ ಕಡ್ಡಿ ಸೊಟ್ಟಗಾಗುತ್ತದೆ. ಎಚ್900 ಹದ ಮುಗಿಸಿದ ಮೇಲೆ ವೈರ್‌ಕಟ್ ಮಾಡಿಸಿ. ಮೊದಲೇ ಕತ್ತರಿಸಿ ಆಮೇಲೆ ಹದ ಮಾಡಿದರೆ ಕುಗ್ಗಿ ಅಳತೆ ತಪ್ಪುತ್ತದೆ. ವೈರ್‌ಕಟ್ ಬಿಟ್ಟುಹೋಗುವ ಬಿಳಿ ಪದರವನ್ನು ಸ್ಕಿಮ್ ಕಟ್ ಹಾಕಿ ತೆಗೆಸಿ, ಇಲ್ಲದಿದ್ದರೆ ಬಿರುಕು ಅಲ್ಲಿಂದಲೇ ಶುರು.

ಓವರ್‌ಲೋಡ್ ಸ್ಟಾಪ್ ಮರೆಯಬೇಡಿ. ಮೇಲಿನ ಲೆಕ್ಕದಲ್ಲಿ 50 ನ್ಯೂಟನ್‌ಗೆ ಕಡ್ಡಿ ಬಾಗುವುದು 7 ಮೈಕ್ರಾನ್ ಒಳಗೆ. 20 ಮೈಕ್ರಾನ್ ಅಂತರದಲ್ಲಿ ಗಟ್ಟಿ ಭುಜ ಕೊಟ್ಟರೆ ಸುಮಾರು 150 ನ್ಯೂಟನ್‌ಗೆ ಅದು ಆನಿಕೊಂಡು ಗೇಜ್ ಉಳಿಯುತ್ತದೆ. 20 ಮೈಕ್ರಾನ್ ನೇರವಾಗಿ ಕಡೆಯಲು ಹೋಗಬೇಡಿ, ಎರಡೂ ಮುಖ ಒಟ್ಟಿಗೆ ಲ್ಯಾಪ್ ಮಾಡಿ 0.02ರ ಶಿಮ್ ಹಾಕಿ. ಟ್ರೇಯಲ್ಲಿ ಬಿದ್ದೇ ಬೀಳುವ ಸಾಮಾನು ಇದು, ಸ್ಟಾಪ್ ಇಲ್ಲದಿದ್ದರೆ ಒಂದು ಏಟಿಗೆ ಸೊನ್ನೆ ಕಾಯಂ ಆಗಿ ಜರುಗುತ್ತದೆ.

ಎಲುಬು_ಡಾಕ್ಟರ್_ಧಾರವಾಡ

ಸರ್, ಸೆನ್ಸರ್ ಮಾತು ಬರೋಬ್ಬರಿ ಅದ. ಆದ್ರ ನಿಮ್ಮ ಬ್ರೇಕ್ ಏನನ್ನ ನಿಲ್ಲಸ್ತದ ಅನ್ನೋದು ನೋಡ್ರಿ. ಅದು ತಿರುಗೋದನ್ನ ನಿಲ್ಲಸ್ತದ. ಪೇಶಂಟಿಗೆ ಪೆಟ್ಟಾಗೋದು ತಿರುಗೋದರಿಂದ ಅಷ್ಟ ಅಲ್ಲ, ಬಿಟ್ ಮುಂದ ನುಗ್ಗೋದರಿಂದ. ಕೈ 40 ನ್ಯೂಟನ್ ಒತ್ತಾಕ ಹತ್ತೇದ, ಎದುರಿನ ಎಲುಬು ಒಮ್ಮೆಲೇ ಇಲ್ಲದಂಗಾತು. ಡ್ರಿಲ್ ಮತ್ತ ಮುಂಗೈ ಸೇರಿ ಎರಡು ಕಿಲೋ ಅಂದ್ರ ವೇಗೋತ್ಕರ್ಷ 20 ಮೀಟರ್ ಪ್ರತಿ ಸೆಕೆಂಡ್ ವರ್ಗ. 10 ಮಿಲಿಸೆಕೆಂಡಿಗೆ 1 ಮಿ.ಮೀ., 30 ಮಿಲಿಸೆಕೆಂಡಿಗೆ 9 ಮಿ.ಮೀ. ಮನುಷ್ಯ ಎಚ್ಚತ್ತು ಕೈ ಹಿಂದ ತಗೊಳ್ಳಾಕ 150–200 ಮಿಲಿಸೆಕೆಂಡ್ ಬೇಕು. ಸ್ನಾಯು ಮಾಂಸ ತಡೀತದ ಅಂತ ಲೆಕ್ಕದಷ್ಟು ಒಳಗ ಹೋಗೂದಿಲ್ಲ, ಅಷ್ಟ.

ಮೊಣಕಾಲ ಕೆಳಗ ಟಿಬಿಯಾದ ಮೇಲ್ಭಾಗದಾಗ ಹಿಂದನ ಪಾಪ್ಲಿಟಿಯಲ್ ರಕ್ತನಾಳ ಅದ. ತೋಳಿನಾಗ ರೇಡಿಯಲ್ ನರ ಎಲುಬಿಗೆ ಹತ್ತಿಕೊಂಡ ಹೋಗ್ತದ. ಮುಂಗೈ ಮುರಿತಕ್ಕ ಅಂಗೈ ಕಡಿಂದ ಪ್ಲೇಟ್ ಹಾಕುವಾಗ ಹಿಂದಿನ ಕಾರ್ಟೆಕ್ಸ್ ದಾಟಿದ್ರ ಬೆರಳಿನ ಸ್ನಾಯುರಜ್ಜು ಕುಯ್ತದ. ಇಂಥಲ್ಲಿ 9 ಮಿ.ಮೀ. ಭಾಳ ದೊಡ್ಡ ಅಂತರ. ಬಿಟ್ ಮೊಂಡಾಗಿದ್ರ ಜೋರ್ ಒತ್ತತೀವಿ, ನುಗ್ಗೋದು ಇನ್ನೂ ಹೆಚ್ಚ.

ಅದಕ್ಕ ನನ್ನ ಮಾತು: ಪತ್ತೆ ಹಚ್ಚೋದು ಎರಡನೇ ಕೆಲಸ. ಕೈಯ ಜೋರು ಬಿಟ್‌ಗೆ ಹೋಗದಂಗ ಮಾಡೋದು ಮೊದಲನೇದು.

ಫರ್ಮ್‌ವೇರ್_ಮಲೆನಾಡು

ಡಾಕ್ಟರ್ ಹೇಳಿದ್ದೇ ಇಲ್ಲಿ ಮುಖ್ಯ ವಿಷಯ. ತಲೆಬುರುಡೆಗೆ ಬಳಸುವ 14/11 ಪರ್ಫೊರೇಟರ್ (ಹೊರಗೆ 14, ಒಳಗೆ 11 ಮಿ.ಮೀ.ನ ಜೋಡಿ ಡ್ರಿಲ್) ನೋಡಿ. ಅದರಲ್ಲಿ ಒಂದೂ ಸೆನ್ಸರ್ ಇಲ್ಲ. ಒಳಗಿನ ಡ್ರಿಲ್‌ಗೆ ಮೂಳೆಯ ಎದುರೊತ್ತು ತಪ್ಪಿದ ಕೂಡಲೇ ಕ್ಲಚ್ ಬಿಟ್ಟುಕೊಳ್ಳುತ್ತದೆ, ಹೊರಗಿನ ಅಗಲವಾದ ಭಾಗ ಮೂಳೆಯ ಮೇಲೆ ಕೂತು ಕೈಯ ಒತ್ತಡ ತಡೆಯುತ್ತದೆ. ಕ್ಲಚ್ ಒಂದರಿಂದ ಅಲ್ಲ, ಆ ಅಗಲ ಭುಜ ಇರುವುದರಿಂದ ಅದು ಕೆಲಸ ಮಾಡುತ್ತದೆ. ಉದ್ದ ಮೂಳೆಯ ಸಣ್ಣ ತೂತಿಗೆ ಅಂಥ ಭುಜವನ್ನು ಬಿಟ್‌ನಲ್ಲೇ ಕೊಡಲು ಆಗುವುದಿಲ್ಲ, ಆದ್ದರಿಂದ ಅದು ಹೊರಗಿನ ಸ್ಲೀವ್ ಆಗಬೇಕು.

ಅಂದರೆ: ಬಿಟ್ ಸುತ್ತ ಒಂದು ಹಲ್ಲಿನ ಸ್ಲೀವ್. ಸರ್ಜನ್ ಒತ್ತುವುದು ಸ್ಲೀವ್ ಮೂಲಕ ಮೂಳೆಗೆ. ಬಿಟ್ ಮುಂದೆ ಹೋಗುವುದು 1 ಮಿ.ಮೀ. ಪಿಚ್‌ನ ಫೀಡ್ ಸ್ಕ್ರೂನಿಂದ, ಎರಡನೇ ಸಣ್ಣ ಮೋಟರ್ ತಿರುಗಿಸಿದಷ್ಟೇ. ಆಲೋಟಾ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಕೈಡ್ರಿಲ್ ಕೆಲಸದಿಂದ ಈಚೆಗೆ ಈ ಸಮಸ್ಯೆಯ ಸುತ್ತ ಬಹಳ ಕೆಲಸ ನಡೆದಿದೆ. ಫೀಡ್ 1 ಮಿ.ಮೀ. ಪ್ರತಿ ಸೆಕೆಂಡ್ ಇದ್ದರೆ, ಪತ್ತೆಗೂ ನಿಲುಗಡೆಗೂ ಸೇರಿ 20 ಮಿಲಿಸೆಕೆಂಡ್ ಹಿಡಿದರೂ ಬಿಟ್ ಸರಿಯುವುದು 0.02 ಮಿ.ಮೀ. ಅಲ್ಲಿಗೆ ಅಲ್ಗೊರಿದಮ್ ಮೇಲಿನ ಒತ್ತಡ ಎಷ್ಟೋ ಇಳಿಯುತ್ತದೆ.

ಟೂಲ್‌ರೂಮ್_ಪೀಣ್ಯ

0.02 ಸಿಗುವುದಿಲ್ಲ. ಬಿಟ್, ಚಕ್, ಸ್ಕ್ರೂ, ಸ್ಲೀವ್ ಎಲ್ಲವೂ ಒತ್ತಡಕ್ಕೆ ಸ್ವಲ್ಪ ಕುಗ್ಗಿರುತ್ತವೆ. ಎದುರೊತ್ತು ತಪ್ಪಿದಾಗ ಅಷ್ಟೂ ಮುಂದಕ್ಕೆ ಚಿಮ್ಮುತ್ತದೆ. ಒಟ್ಟು ಗಟ್ಟಿತನ ಮಿ.ಮೀ.ಗೆ 200 ನ್ಯೂಟನ್ ಇದ್ದರೆ, 40 ನ್ಯೂಟನ್‌ನಲ್ಲಿ 0.2 ಮಿ.ಮೀ. ಅಳೆಯುವ ಕ್ರಮ ಸುಲಭ: ಉಕ್ಕಿನ ಬ್ಲಾಕ್‌ಗೆ ಮೊಂಡು ಪಿನ್ ತಾಗಿಸಿ 50 ನ್ಯೂಟನ್ ಒತ್ತಿ, ಚಕ್ ಮೇಲೆ ಡಯಲ್ ಇಟ್ಟು ಓದಿ. 0.25 ಬಂದರೆ ಅದೇ 200. ಸ್ಕ್ರೂನ ನಟ್‌ಗೆ ಪ್ರೀಲೋಡ್ ಕೊಟ್ಟು ಬ್ಯಾಕ್‌ಲ್ಯಾಶ್ ತೆಗೆಯದಿದ್ದರೆ ಅದೂ ಇದಕ್ಕೆ ಸೇರುತ್ತದೆ. ಆದರೂ 9 ಮಿ.ಮೀ. ಎಲ್ಲಿ, 0.3 ಎಲ್ಲಿ. ಈ ದಾರಿಯೇ ಸರಿ.

ಸ್ಲೀವ್‌ಗೂ ಬಿಟ್‌ಗೂ ನಡುವೆ ಸಂದು ತೀರ ಬಿಗಿ ಮಾಡಬೇಡಿ. ಮೂಳೆಯ ಪುಡಿ ರಕ್ತದ ಜೊತೆ ಸೇರಿ ಗಟ್ಟಿಯಾದರೆ ಬಿಟ್ ಕಚ್ಚಿಕೊಳ್ಳುತ್ತದೆ, ಆ ಘರ್ಷಣೆಯನ್ನು ಸೆನ್ಸರ್ ಕೊರೆಯುವ ಬಲ ಎಂದೇ ಓದುತ್ತದೆ. ಪಕ್ಕದಲ್ಲಿ ಎರಡು ಉದ್ದ ಕಿಟಕಿ ಕೊಡಿ. ಸಲೈನ್ ಒಳಗೆ ಹೋಗಲು, ಪುಡಿ ಹೊರಗೆ ಬರಲು.

ಬಯೋಮೆಡ್_ತುಮಕೂರು

ಧನ್ಯವಾದ. ಫೀಡ್ ಸ್ಕ್ರೂ ಅಂದಮೇಲೆ ಡ್ರಾಯಿಂಗ್ ಮೊದಲಿಂದ ಬದಲಾಗುತ್ತದೆ, ಆಗಲಿ. ಎರಡು ಪ್ರಶ್ನೆ. ಪತ್ತೆ ಮಾಡುವಾಗ ಬಲ ಒಂದೇ ಸಾಕೇ, ಟಾರ್ಕ್ ಬೇಕೇ? ಸರ್ಜನ್ ನಡುವೆ ಕೈ ಸಡಿಲಿಸಿದರೆ ಅದನ್ನು ದಾಟಿದ್ದು ಎಂದು ತಪ್ಪು ತಿಳಿಯದಂತೆ ಮಾಡುವುದು ಹೇಗೆ?

ಫರ್ಮ್‌ವೇರ್_ಮಲೆನಾಡು

ಎರಡೂ ಬೇಕು, ಕಾರಣ ಬಿಟ್‌ನ ತುದಿಯ ಆಕಾರದಲ್ಲಿದೆ. 118 ಡಿಗ್ರಿ ತುದಿಯ 2.5 ಮಿ.ಮೀ. ಬಿಟ್‌ನಲ್ಲಿ ಶಂಕುವಿನ ಎತ್ತರ 0.75 ಮಿ.ಮೀ., 3.2ರಲ್ಲಿ 0.96. ತೀರ ನಡುವಿನ ಚಿಸೆಲ್ ಅಂಚು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಅಮುಕುತ್ತದೆ, ಹಾಗಾಗಿ ಒತ್ತುವ ಬಲದ ದೊಡ್ಡ ಪಾಲು ಅದರದ್ದೇ. ಟಾರ್ಕ್ ಬರುವುದು ಹೊರಗಿನ ತುಟಿಗಳಿಂದ, ಅಂದರೆ ಕತ್ತರಿಸುವ ಅಂಚುಗಳಿಂದ. ಚಿಸೆಲ್ ಆಚೆ ಬಂದ ಕ್ಷಣ ಬಲ ಕುಸಿಯುತ್ತದೆ, ಆದರೆ ತುಟಿಗಳು ಇನ್ನೂ 0.75 ಮಿ.ಮೀ.ವರೆಗೆ ಮೂಳೆಯಲ್ಲೇ ಇರುವುದರಿಂದ ಟಾರ್ಕ್ ಉಳಿಯುತ್ತದೆ, ಕೆಲವೊಮ್ಮೆ ಏರುತ್ತದೆ. ಬಲ ಇಳಿದು ಟಾರ್ಕ್ ಉಳಿದರೆ ದಾಟುತ್ತಿದೆ. ಎರಡೂ ಒಟ್ಟಿಗೆ ಇಳಿದರೆ ಬೇರೇನೋ. ಬ್ರಿಟನ್‌ನ ಪೀಟರ್ ಬ್ರೆಟ್ ಅವರ ತಂಡ ಕಿವಿಯ ಕಾಕ್ಲಿಯಾ ತೂತಿಗೆ ಮಾಡಿದ ಸೂಕ್ಷ್ಮ ಡ್ರಿಲ್ ಇದೇ ಸಂಕೇತವನ್ನು ಹಿಡಿದು, ಮೂಳೆ ಮುಗಿಸಿ ಒಳಪೊರೆಯನ್ನು ಹರಿಯದೆ ನಿಲ್ಲುತ್ತದೆ. ಅದಕ್ಕಿಂತ ಚೆಂದದ ಉದಾಹರಣೆ ಈ ವಿಷಯದಲ್ಲಿ ನನ್ನ ಕಣ್ಣಿಗೆ ಇನ್ನೊಂದಿಲ್ಲ.

ಕೈ ಸಡಿಲಿಸುವ ಪ್ರಶ್ನೆಗೆ ಉತ್ತರ ಸ್ಲೀವ್‌ನಲ್ಲಿದೆ. ಸ್ಲೀವ್‌ನ ಬುಡದಲ್ಲಿ ಇನ್ನೊಂದು ಗೇಜ್ ಉಂಗುರ ಹಾಕಿ. ಕೈಯ ಒತ್ತಡ ಯಾವಾಗಲೂ ಸ್ಲೀವ್ ಬಲ ಮತ್ತು ಬಿಟ್ ಬಲದ ಮೊತ್ತ. ದಾಟಿದಾಗ ಬಿಟ್‌ನಿಂದ ಹೋದ 30 ನ್ಯೂಟನ್ ಅದೇ ಕ್ಷಣ ಸ್ಲೀವ್‌ಗೆ ಬರುತ್ತದೆ. ಒಂದು ಇಳಿದಷ್ಟೇ ಇನ್ನೊಂದು ಏರುತ್ತದೆ. ಸರ್ಜನ್ ಕೈ ಸಡಿಲಿಸಿದರೆ ಸ್ಲೀವ್ ಬಲ ಇಳಿಯುತ್ತದೆ, ಏರುವುದಂತೂ ಇಲ್ಲವೇ ಇಲ್ಲ. ಇದಕ್ಕೆ ಯಾವ ಕಲಿಕಾ ಮಾದರಿಯೂ ಬೇಡ, ಒಂದು ವ್ಯವಕಲನ ಸಾಕು.

ಇನ್ನೊಂದು ಷರತ್ತು: ಸ್ಲೀವ್ ಬಲ 10 ನ್ಯೂಟನ್‌ಗಿಂತ ಕೆಳಗೆ ಹೋದರೆ ಫೀಡ್ ನಿಧಾನ ಮಾಡಿ, 3ಕ್ಕೆ ಬಂದರೆ ನಿಲ್ಲಿಸಿ. ಇಲ್ಲದಿದ್ದರೆ ಬಿಟ್ ಒತ್ತಡಕ್ಕೆ ಸ್ಲೀವ್ ಮೂಳೆಯಿಂದ ಎದ್ದು ಆಳದ ಲೆಕ್ಕವೇ ಕೆಡುತ್ತದೆ.

ಗೇಜ್_ಅಂಟಿಸುವವ

ಟಾರ್ಕ್‌ಗೆ ಮೋಟರ್ ಕರೆಂಟ್ ನೆಚ್ಚುವಾಗ ಎಚ್ಚರ. ಮೋಟರ್ ಸ್ಥಿರಾಂಕ ಆಂಪಿಯರ್‌ಗೆ 10 ಮಿಲಿನ್ಯೂಟನ್ ಮೀಟರ್, ಗೇರ್ 16, ದಕ್ಷತೆ 0.8 ಅಂದರೆ ಬಿಟ್‌ನಲ್ಲಿ ಆಂಪಿಯರ್‌ಗೆ 128. ಬಿಟ್‌ನಲ್ಲಿ 30 ಬಂದರೆ ಕರೆಂಟ್ ಏರುವುದು 0.23 ಆಂಪಿಯರ್ ಮಾತ್ರ. 10 ಮಿಲಿಓಮ್ ಶಂಟ್, ಐಎನ್‌ಎ240 (ಕರೆಂಟ್ ಅಳೆಯುವ ಆಂಪ್ಲಿಫೈಯರ್) ಗೇನ್ 50 ಇಟ್ಟರೆ 0.12 ವೋಲ್ಟ್, ಓದಲು ಸಾಕು. ಆದರೆ ಖಾಲಿ ತಿರುಗುವ ಕರೆಂಟ್ ಗ್ರೀಸ್ ತಣ್ಣಗಿದ್ದಾಗ ಒಂದು, ಬಿಸಿಯಾದಾಗ ಇನ್ನೊಂದು. ಪ್ರತಿ ತೂತಿನ ಮೊದಲು, ಮೂಳೆ ಮುಟ್ಟುವ ಮುನ್ನ, ಅರ್ಧ ಸೆಕೆಂಡ್ ಖಾಲಿ ತಿರುಗಿಸಿ ಆ ಸೊನ್ನೆ ಹಿಡಿಯಿರಿ. ಐಎನ್‌ಎ240ಯೇ ಯಾಕೆ ಎಂದರೆ ಪಿಡಬ್ಲ್ಯೂಎಂ (ಮೋಟರ್‌ಗೆ ವಿದ್ಯುತ್ತನ್ನು ವೇಗವಾಗಿ ಕೊಟ್ಟು ಕಡಿಯುವುದು) ಅಂಚುಗಳನ್ನು ಅದು ತಡೆಯುತ್ತದೆ. ಸಾಮಾನ್ಯ ಆಂಪ್ಲಿಫೈಯರ್‌ನಲ್ಲಿ ಪ್ರತಿ ಅಂಚಿಗೂ ಒಂದು ಮುಳ್ಳು ಕಾಣುತ್ತದೆ.

ಇನ್ನು ಫಿಲ್ಟರ್. 900 ಆರ್‌ಪಿಎಂ ಅಂದರೆ ಸೆಕೆಂಡಿಗೆ 15 ಸುತ್ತು, ಎರಡು ತುಟಿ, ಆದ್ದರಿಂದ ಬಲದಲ್ಲಿ 30 ಹರ್ಟ್ಸ್ ಅಲೆ. ಅದನ್ನು ಸರಾಸರಿ ಮಾಡಿ ಅಳಿಸಲು ಹೋದರೆ ಓದು ಪೂರ್ತಿ ನೆಲೆಗೊಳ್ಳಲು ಕನಿಷ್ಠ 33 ಮಿಲಿಸೆಕೆಂಡ್ ಬೇಕು. ಬದಲಿಗೆ ಎನ್‌ಕೋಡರ್ (ತಿರುಗಿದ ಕೋನ ಅಳೆಯುವ ಸೆನ್ಸರ್) ಕೋನದೊಂದಿಗೆ ಬಲ ದಾಖಲಿಸಿ, ಈಗಿನ ಓದನ್ನು ಹಿಂದಿನ ಸುತ್ತಿನ ಅದೇ ಕೋನದ ಓದಿಗೆ ಹೋಲಿಸಿ. ಅಲೆ ತಾನಾಗಿ ಕಳೆದುಹೋಗುತ್ತದೆ, ತಡವೂ ಇಲ್ಲ. ಮೇಲೆ 100 ಹರ್ಟ್ಸ್‌ನ ಎರಡನೇ ದರ್ಜೆ ಬಟರ್‌ವರ್ತ್ ಫಿಲ್ಟರ್ ಸಾಕು, ಅದರ ತಡ 2.3 ಮಿಲಿಸೆಕೆಂಡ್ ಅಷ್ಟೆ.

ಫರ್ಮ್‌ವೇರ್_ಮಲೆನಾಡು

ಅದಕ್ಕೆ ಸೇರಿಸಿ: ಮಿತಿಗಳನ್ನು ಸಮಯದಲ್ಲಿ ಅಲ್ಲ, ಆಳದಲ್ಲಿ ಇಡಿ. ‘ಕಳೆದ 0.3 ಮಿ.ಮೀ. ಸರಾಸರಿಗಿಂತ ಬಲ 40% ಇಳಿದರೆ’ ಎಂಬಂತೆ. ಫೀಡ್ ಬದಲಾದರೂ ನಿಯಮ ಬದಲಾಗುವುದಿಲ್ಲ. ಈ 40 ಶುರುವಾತಿನ ಅಂಕಿ, ನಿಮ್ಮ ದಾಖಲೆ ನೋಡಿ ತಿದ್ದಿಕೊಳ್ಳಿ.

ಹಂತಗಳು: ಖಾಲಿ, ಮೊದಲ ಕಾರ್ಟೆಕ್ಸ್ ಒಳಗೆ, ಮಜ್ಜೆಯ ಕುಳಿ, ಎರಡನೇ ಕಾರ್ಟೆಕ್ಸ್ ಒಳಗೆ, ಹೊರಗೆ. ನಿಲುಗಡೆ ಜಾಗೃತವಾಗುವುದು ಎರಡನೇ ಕಾರ್ಟೆಕ್ಸ್ ಗುರುತಿಸಿದ ಮೇಲೆ. ಚಿಸೆಲ್ ದಾಟಿದ್ದು ಗೊತ್ತಾದ ಮೇಲೆ ಪೂರ್ತಿ ಅಗಲದ ತೂತಿಗೆ ಇನ್ನೂ 1 ಮಿ.ಮೀ. (2.5ರ ಬಿಟ್‌ಗೆ) ಲೆಕ್ಕ ಹಾಕಿ ಹೋಗಿ ನಿಲ್ಲಲಿ, ಆಮೇಲೆ ಸರ್ಜನ್ ಹೇಳಿದಾಗ ಹಿಂದಕ್ಕೆ. ಸ್ಲೀವ್ ತುದಿಯಿಂದ ಚಿಸೆಲ್ ದಾಟಿದ ಬಿಂದುವಿನವರೆಗಿನ ದೂರವೇ ಮೂಳೆಯ ಆಳ. ಡೆಪ್ತ್ ಗೇಜ್ ತೂರಿಸಿ ಕೊಕ್ಕೆ ಹುಡುಕುವ ಕೆಲಸ ತಪ್ಪುತ್ತದೆ. ಅಮೆರಿಕದ ಮೆಕ್‌ಗಿನ್ಲಿ ಡ್ರಿಲ್ ಸ್ಕ್ರೂ ಉದ್ದವನ್ನು ಹೀಗೆ ಕೊರೆಯುವಾಗಲೇ ಹೇಳುತ್ತದೆ.

ಎಲುಬು_ಡಾಕ್ಟರ್_ಧಾರವಾಡ

ಇದು ಭಾಳ ಛಲೋ ಆತು. ಆದ್ರ ಮೂರು ಮಾತು ಹೇಳ್ತೀನ್ರಿ.

ಒಂದು, ಎಲುಬಿನ ತುದಿ ಕಡೆ, ಅಂದ್ರ ಮೆಟಾಫಿಸಿಸ್‌ನಾಗ, ನಿಮ್ಮ ಐದು ಹಂತ ಕೆಲಸ ಮಾಡೂದಿಲ್ಲ. ಅಲ್ಲಿ ಕಾರ್ಟೆಕ್ಸ್ ತೆಳು, ಒಳಗ ಪೂರಾ ಜಾಲರಿ ಎಲುಬು. ಬಲ ಏರಿ ಇಳದು ಏರಿ ಇಳದು ಮಾಡ್ತದ. ವಯಸ್ಸಾದವರ ಪೊಳ್ಳು ಎಲುಬಿನಾಗ ಎರಡನೇ ಕಾರ್ಟೆಕ್ಸ್ ಬಂದದ್ದ ತಿಳಿಯೂದಿಲ್ಲ. ಓರೆ ಕೊರದ್ರ ತುದಿ ಒಂದ ಕಡೆ ಮೊದಲ ಹೊರಗ ಬರ್ತದ, ಬಲ ಥಟ್ಟನೆ ಇಳಿಯೂದಿಲ್ಲ, ಜಾರತದ. ಇಂಥ ಕಡೆ ಮಷೀನು ‘ಖಾತ್ರಿ ಇಲ್ಲ’ ಅಂತ ಬಾಯಿಬಿಟ್ಟು ಹೇಳಬೇಕು. ಹಳದಿ ದೀಪ ಹಚ್ಚಿ ಬರೇ ಆಳದ ಮಿತಿ ಮ್ಯಾಲೆ ನಡೀಲಿ: ನಾನು 22 ಅಂತ ಇಟ್ಟರ 22ಕ್ಕ ನಿಲ್ಲಲಿ. ಮುಂಗೈ ಪ್ಲೇಟಿಗೆ ಹಿಂದಿನ ಕಾರ್ಟೆಕ್ಸ್ ದಾಟದನ ನಿಲ್ಲಿಸಾಕೂ ಇದ ಬೇಕು.

ಎರಡು, ಬಿಸಿ. ಎಲುಬು 47 ಡಿಗ್ರಿಗೆ ಒಂದು ನಿಮಿಷ ಇದ್ರ ಜೀವಕೋಶ ಸಾಯ್ತಾವು, ಎರಿಕ್ಸನ್ ಮತ್ತ ಆಲ್ಬ್ರೆಕ್ಟ್‌ಸನ್ 1983ರಾಗ ಮೊಲದ ಎಲುಬಿನ ಮ್ಯಾಲೆ ತೋರಿಸ್ಯಾರ. ನಿಮ್ಮ ಮಷೀನು ಮೊಂಡ ಬಿಟ್ ಇದ್ರೂ 1 ಮಿ.ಮೀ. ವೇಗದಲೆ ತಳ್ಳಿಕೋತ ಹೋಗ್ತದ. ಕೈಯಾಗ ಕೊರಿಯುವಾಗ ಅದು ನಮಗ ಗೊತ್ತಾಗ್ತದ, ಮಷೀನಿಗೂ ಗೊತ್ತಾಗಬೇಕು. ಬಲಕ್ಕ ಮೇಲಿನ ಮಿತಿ ಇಡ್ರಿ.

ಮೂರು, ಮಜ್ಜೆ ಕುಳಿಯೊಳಗ 1 ಮಿ.ಮೀ. ವೇಗ ಯಾಕ? 15 ಮಿ.ಮೀ. ಕುಳಿಗೆ 15 ಸೆಕೆಂಡ್ ಕೈ ಹಿಡಕೊಂಡ ನಿಲ್ಲಾಕ ಆಗೂದಿಲ್ಲ.

ಫರ್ಮ್‌ವೇರ್_ಮಲೆನಾಡು

ಮೂರಕ್ಕೂ ಒಪ್ಪಿಗೆ. ಕುಳಿಯಲ್ಲಿ ಫೀಡ್ 4 ಮಿ.ಮೀ.ಗೆ ಏರಿಸಿ, ಎರಡನೇ ಕಾರ್ಟೆಕ್ಸ್ ತಾಗಿ ಬಲ ಏರಿದಾಗ 1ಕ್ಕೆ ಇಳಿಸಿ. ಎರಡು ಕಾರ್ಟೆಕ್ಸ್ ತಲಾ 5 ಮಿ.ಮೀ. ದಪ್ಪ, ಕುಳಿ 15 ಎಂದರೆ 25 ಸೆಕೆಂಡ್ ಹೋಗಿ 14 ಆಗುತ್ತದೆ. ಬಲದ ಮಿತಿ 80 ನ್ಯೂಟನ್‌ನಿಂದ ಶುರು ಮಾಡಬಹುದು. ವೇಗ, ಫೀಡ್ ಎರಡೂ ಸ್ಥಿರ ಇರುವುದರಿಂದ ಬಿಟ್ ಮೊಂಡಾದದ್ದು ಬಲದಲ್ಲೇ ಕಾಣುತ್ತದೆ: ಅದೇ ಮೂಳೆಯಲ್ಲಿ ಮೊದಲ ತೂತಿಗೂ ಆರನೇ ತೂತಿಗೂ ಬಲ ಏರುತ್ತಾ ಹೋದರೆ ‘ಬಿಟ್ ಬದಲಿಸಿ’ ಎಂದು ತೋರಿಸಿ. ಇದು ಪುಕ್ಕಟೆ ಸಿಗುವ ಉಪಯೋಗ, ಬಿಡಬೇಡಿ.

ಸಿಎಸ್‌ಎಸ್‌ಡಿ_ಮಂಗಳೂರು

ಇಷ್ಟು ಹೊತ್ತು ಯಾರೂ ಆಟೋಕ್ಲೇವ್ (ಹಬೆಯಿಂದ ಸ್ಟೆರೈಲ್ ಮಾಡುವ ಯಂತ್ರ) ಬಗ್ಗೆ ಮಾತಾಡಿಲ್ಲ. ಸೆನ್ಸರ್ ಸಾಯುವುದು ಥಿಯೇಟರ್‌ನಲ್ಲಿ ಅಲ್ಲ, ಉಪಕರಣ ತೊಳೆದು ಸ್ಟೆರೈಲ್ ಮಾಡುವ ನಮ್ಮ ಸಿಎಸ್‌ಎಸ್‌ಡಿ ವಿಭಾಗದಲ್ಲಿ.

134 ಡಿಗ್ರಿ, ಸುಮಾರು 2.1 ಬಾರ್ ಗೇಜ್ ಒತ್ತಡ, 3ರಿಂದ 4 ನಿಮಿಷ. ಪ್ರಿಯಾನ್ (ಸುಲಭವಾಗಿ ನಾಶವಾಗದ ಸೋಂಕುಕಾರಕ ಪ್ರೋಟೀನ್) ಶಂಕೆ ಇದ್ದರೆ 18 ನಿಮಿಷ. ಆದರೆ ಬಿಸಿಗಿಂತ ಕೆಟ್ಟದ್ದು ನಿರ್ವಾತ. ಪ್ರೀವ್ಯಾಕ್ಯೂಮ್ ಸೈಕಲ್‌ನಲ್ಲಿ ಗಾಳಿ ಎಳೆದು ಹಬೆ ತುಂಬುವುದು ಹಲವು ಸಲ ನಡೆಯುತ್ತದೆ. ಮುಚ್ಚಿದ ಕೋಣೆಯೊಳಗಿನ ಗಾಳಿ ಪ್ರತಿ ಸಲವೂ ಸೀಲ್‌ನ ಪಕ್ಕದಿಂದ ನುಸುಳಿ ಹೊರಗೆ ಹೋಗುತ್ತದೆ, ತಣಿಯುವಾಗ ಅದೇ ದಾರಿಯಿಂದ ಹಬೆ ಒಳಗೆ ಬರುತ್ತದೆ. ಎಪಾಕ್ಸಿ ತುಂಬಿದ್ದೇವೆ, ಪ್ಯಾರಿಲೀನ್ ಲೇಪ ಹಾಕಿದ್ದೇವೆ ಎಂದು ಹೇಳುವವರಿದ್ದಾರೆ. ಎಪಾಕ್ಸಿ ನೀರು ಹೀರುತ್ತದೆ. ಗೇಜ್ ಇರುವ ಜಾಗಕ್ಕೆ ತೆಳು ಸ್ಟೇನ್‌ಲೆಸ್ ಮುಚ್ಚಳ ಲೇಸರ್ ವೆಲ್ಡ್ ಮಾಡಿ, ತಂತಿಗೆ ಗಾಜಿನ ಫೀಡ್‌ಥ್ರೂ ಕೊಟ್ಟು, ಹೀಲಿಯಂ ಲೀಕ್ ಪರೀಕ್ಷೆ ಮಾಡಿಸಿ.

ಓ-ರಿಂಗ್ ಇಪಿಡಿಎಂ ರಬ್ಬರ್‌ನದು ಇರಲಿ. ಸಾಮಾನ್ಯ ವಿಟಾನ್ ರಬ್ಬರ್ ಬಿಸಿ ಎಣ್ಣೆಗೆ ಒಳ್ಳೆಯದು, ಹಬೆಗೆ ಅಲ್ಲ. ಇಪಿಡಿಎಂಗೆ ಪೆಟ್ರೋಲಿಯಂ ಗ್ರೀಸ್ ತಾಗಿದರೆ ಉಬ್ಬುತ್ತದೆ, ಸಿಲಿಕಾನ್ ಗ್ರೀಸ್ ಮಾತ್ರ. ಸರ್ವಿಸ್ ಕೈಪಿಡಿಯಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಹೊರಮೈ ಅನೊಡೈಸ್ ಅಲ್ಯೂಮಿನಿಯಂ ಆದರೆ ಕ್ಷಾರೀಯ ಡಿಟರ್ಜೆಂಟ್‌ಗೆ ಬಣ್ಣ ಹೋಗಿ ಬಿಳಿ ಪುಡಿ ಏಳುತ್ತದೆ. ಸ್ಲೀವ್ ಯಾವ ಸಲಕರಣೆಯೂ ಇಲ್ಲದೆ ಬಿಚ್ಚುವಂತಿರಬೇಕು, ಬ್ರಷ್ ಒಂದು ತುದಿಯಿಂದ ಹೋಗಿ ಇನ್ನೊಂದು ತುದಿಯಿಂದ ಬರಬೇಕು. ಕುರುಡು ತೂತು ಇದ್ದರೆ ಅಲ್ಲಿ ರಕ್ತ ಉಳಿಯುತ್ತದೆ, ರಕ್ತ ಉಳಿದ ಕಡೆ ಹಬೆ ತಲುಪುವುದಿಲ್ಲ. ಫೀಡ್ ಸ್ಕ್ರೂ ಹೊರಗೆ ಕಾಣುವಂತೆ ಇಡುವ ಯೋಚನೆ ಇದ್ದರೆ ಈಗಲೇ ಬಿಡಿ. ಆ ಎಳೆಗಳನ್ನು ಯಾರೂ ಸರಿಯಾಗಿ ತೊಳೆಯಲಾರರು.

ಬ್ಯಾಟರಿ ಆಟೋಕ್ಲೇವ್‌ಗೆ ಬರುವುದಿಲ್ಲ ತಾನೇ? ಲಿಥಿಯಂ ಬ್ಯಾಟರಿಯನ್ನು ಸ್ಟೆರೈಲ್ ಶೀಲ್ಡ್ ಮೂಲಕ ಒಳಗೆ ಜಾರಿಸುವ ಪದ್ಧತಿಯೇ ಇರಲಿ, ಥಿಯೇಟರ್ ಸಿಬ್ಬಂದಿಗೆ ಅದು ಗೊತ್ತಿದೆ.

ಗೇಜ್_ಅಂಟಿಸುವವ

ಮೇಡಂ ಹೇಳಿದ್ದು ನೂರಕ್ಕೆ ನೂರು. ಅಂಟಿನ ಬಗ್ಗೆ: ಸೂಪರ್ ಗ್ಲೂ ಜಾತಿಯ ಸೈನೊಅಕ್ರಿಲೇಟ್‌ನಲ್ಲಿ ಅಂಟಿಸಿದ ಗೇಜ್ ಕೆಲವೇ ಸೈಕಲ್‌ಗೆ ಏಳುತ್ತದೆ. ಓವನ್‌ನಲ್ಲಿ ಹದವಾಗುವ ಎಪಾಕ್ಸಿ-ಫಿನಾಲಿಕ್, ಎಂ-ಬಾಂಡ್ 610 ತರಹದ್ದು ಬೇಕು. ತೆಳುವಾಗಿ ಹಚ್ಚಿ, ಸಿಲಿಕಾನ್ ರಬ್ಬರ್ ಪ್ಯಾಡ್ ಇಟ್ಟು ಕ್ಲ್ಯಾಂಪ್ ಮಾಡಿ, ಓವನ್‌ನಲ್ಲಿ ನಿಧಾನ ಏರಿಸಿ. ಕ್ಲ್ಯಾಂಪ್ ತೆಗೆದ ಮೇಲೆ ಇನ್ನೊಮ್ಮೆ, ಕೆಲಸದ ತಾಪಕ್ಕಿಂತ ಸುಮಾರು 30 ಡಿಗ್ರಿ ಮೇಲೆ ಹದ ಮಾಡಿ. ಈ ಎರಡನೇ ಸಲ ಬಿಟ್ಟರೆ ಮೊದಲ ಹತ್ತಾರು ಸೈಕಲ್‌ನಲ್ಲಿ ಸೊನ್ನೆ ತೆವಳುತ್ತಲೇ ಇರುತ್ತದೆ.

ಎನ್‌ಕೋಡರ್ ಆಯಸ್ಕಾಂತವೂ ನೋಡಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿಗೆ ಶಕ್ತಿ ಕಳೆದುಕೊಳ್ಳಲು ಶುರು. ಎಸ್‌ಎಚ್ ದರ್ಜೆ 150 ತಾಳುತ್ತದೆ, ಸಮೇರಿಯಂ ಕೋಬಾಲ್ಟ್ ಅದಕ್ಕಿಂತ ಎಷ್ಟೋ ಮೇಲೆ. ನಾನಾದರೆ ಸಮೇರಿಯಂ ಕೋಬಾಲ್ಟ್ ಹಾಕುತ್ತೇನೆ. ಚಿಪ್‌ಗಳ ವಿಷಯದಲ್ಲಿ ಆಟೋಕ್ಲೇವ್ ಹೊತ್ತಿನಲ್ಲಿ ವಿದ್ಯುತ್ ಇರುವುದಿಲ್ಲ, ಹಾಗಾಗಿ ಡೇಟಾಶೀಟ್‌ನಲ್ಲಿ ನೋಡಬೇಕಾದ್ದು ಸ್ಟೋರೇಜ್ ತಾಪಮಾನ.

ಬಯೋಮೆಡ್_ತುಮಕೂರು

ಆಟೋಕ್ಲೇವ್‌ನಿಂದ ಬಂದ ಹ್ಯಾಂಡ್‌ಪೀಸ್ ಇನ್ನೂ ಬಿಸಿ ಇರುವಾಗಲೇ ಬಳಸಿದರೆ ಸೊನ್ನೆ ಜರುಗುವುದಿಲ್ಲವೇ? ಥಿಯೇಟರ್‌ನಲ್ಲಿ ಕ್ಯಾಲಿಬ್ರೇಶನ್ ಪರೀಕ್ಷಿಸುವುದು ಹೇಗೆ?

ಸಿಎಸ್‌ಎಸ್‌ಡಿ_ಮಂಗಳೂರು

ಜರುಗುತ್ತದೆ, ಅದಕ್ಕೇ ಬಿಸಿ ಇದ್ದರೆ ಉಪಕರಣವೇ ‘ತಡೆಯಿರಿ’ ಎನ್ನಬೇಕು. ಒಳಗೆ ಒಂದು ತಾಪ ಸೆನ್ಸರ್ ಇಡಿ, 45 ಡಿಗ್ರಿಗಿಂತ ಮೇಲಿದ್ದರೆ ಸ್ವಯಂ ನಿಲುಗಡೆ ಶುರುವಾಗಬಾರದು. ಅವಸರದಲ್ಲಿ ತಣ್ಣನೆ ಸಲೈನ್‌ನಲ್ಲಿ ಅದ್ದಿ ತಣಿಸುವ ಅಭ್ಯಾಸ ಕೆಲವು ಕಡೆ ಇದೆ. ಒಳಗಿನ ಹಬೆ ಒಮ್ಮೆಲೇ ಕುಗ್ಗಿ ಸಲೈನನ್ನು ಸೀಲ್ ದಾಟಿಸಿ ಎಳೆದುಕೊಳ್ಳುತ್ತದೆ. ಉಪ್ಪುನೀರು ಬ್ರಿಜ್ ಮೇಲೆ ಬಿದ್ದರೆ ಆ ಸೆನ್ಸರ್ ಮುಗಿಯಿತು.

ಗೇಜ್_ಅಂಟಿಸುವವ

ಪರೀಕ್ಷೆಗೆ: ಸ್ಟೆರೈಲ್ ಮಾಡಬಹುದಾದ ಒಂದು ಸ್ಪ್ರಿಂಗ್ ಕಪ್ ಜೊತೆಗೆ ಕೊಡಿ, ಗುರುತಿನವರೆಗೆ ಒತ್ತಿದರೆ 20 ನ್ಯೂಟನ್. ಓದು 18ರಿಂದ 22ರ ಹೊರಗೆ ಬಂದರೆ ಸ್ವಯಂ ನಿಲುಗಡೆ ಸಿಗುವುದಿಲ್ಲ, ಸಾಮಾನ್ಯ ಡ್ರಿಲ್ ಆಗಿ ಮಾತ್ರ ನಡೆಯುತ್ತದೆ. ವರ್ಕ್‌ಶಾಪ್‌ನಲ್ಲಿ ಕಿಲೋ ತೂಕ ಇಟ್ಟು ನೋಡುವಾಗ ಬೆಂಗಳೂರಿನಲ್ಲಿ ಗುರುತ್ವ 9.78 ಹಿಡಿಯಿರಿ, 5 ಕಿಲೋ ಅಂದರೆ 48.9 ನ್ಯೂಟನ್.

ಕಾಟರಿ (ವಿದ್ಯುತ್‌ನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ಬಗ್ಗೆ ಒಂದು ಮಾತು. ಪಕ್ಕದಲ್ಲಿ ಕಾಟರಿ ಒತ್ತಿದರೆ ಕೆಲವು ನೂರು ಕಿಲೋಹರ್ಟ್ಸ್ ಬ್ರಿಜ್‌ಗೆ ನುಗ್ಗಿ ಸೊನ್ನೆಯನ್ನೇ ಎಳೆಯುತ್ತದೆ. ಪ್ರತಿ ಇನ್‌ಪುಟ್ ತಂತಿಗೆ 1 ಕಿಲೋಓಮ್, ನೆಲಕ್ಕೆ 1 ನ್ಯಾನೊಫ್ಯಾರಡ್, ಎರಡು ತಂತಿ ನಡುವೆ 10 ನ್ಯಾನೊ. ನಡುವಿನದ್ದು ಹತ್ತು ಪಟ್ಟು ಇರಲೇಬೇಕು, ಇಲ್ಲದಿದ್ದರೆ ನೆಲದ ಕಡೆಯ ಎರಡು ಕೆಪಾಸಿಟರ್‌ಗಳ ವ್ಯತ್ಯಾಸವೇ ಸುಳ್ಳು ಬಲವಾಗಿ ಕಾಣುತ್ತದೆ. ಕೆಪಾಸಿಟರ್ ಸಿ0ಜಿ ಜಾತಿಯದು. ಇಷ್ಟಾದ ಮೇಲೂ ಸಂಕೇತ ಅಸಹಜವಾಗಿ ಹಾರಿದರೆ ಫರ್ಮ್‌ವೇರ್ ಫೀಡ್ ನಿಲ್ಲಿಸಿ ಕಾಯಲಿ, ಊಹೆ ಮಾಡಬಾರದು.

ನಿಯಮಾವಳಿ_ಬೆಂಗಳೂರು

ಸುರಕ್ಷತೆಯ ಕಡೆಯಿಂದ ಕೆಲವು ಮಾತು. ಟ್ರಿಗರ್ ಬಿಟ್ಟರೆ ಎರಡೂ ಮೋಟರ್‌ಗೆ ವಿದ್ಯುತ್ ಹಾರ್ಡ್‌ವೇರ್‌ನಲ್ಲೇ ಕಡಿಯಬೇಕು, ಸಾಫ್ಟ್‌ವೇರ್‌ನ ಅನುಮತಿಗೆ ಕಾಯಬಾರದು. ಬಿಟ್ ಮೂಳೆಯೊಳಗೆ ಸಿಕ್ಕಿಕೊಂಡಾಗ ಪ್ರೊಸೆಸರ್ ಕೈಕೊಟ್ಟರೆ, ಹಿಂದಕ್ಕೆ ತಿರುಗಿಸುವ ದಾರಿ ಉಳಿದಿರಬೇಕು. ಫೀಡ್ ಸ್ಕ್ರೂವನ್ನು ಕೈಯಿಂದ ಬಿಡಿಸುವ ಯಾಂತ್ರಿಕ ಬಿಡುಗಡೆ ಕೊಡಿ. ನಿಂತುಬಿಡುವುದೇ ಸದಾ ಸುರಕ್ಷಿತ ಸ್ಥಿತಿ ಎಂದು ಐಎಸ್‌ಒ 14971ರ ಅಪಾಯ ನಿರ್ವಹಣಾ ಕಡತದಲ್ಲಿ ಬರೆದರೆ ಅದು ಸುಳ್ಳು ಬರೆದಂತೆ. ನಿಲುಗಡೆ ವಿಫಲವಾದರೆ ದೊಡ್ಡ ರಕ್ತನಾಳ ಹರಿಯಬಹುದಾದ್ದರಿಂದ ಐಇಸಿ 62304ರಲ್ಲಿ (ವೈದ್ಯಕೀಯ ಸಾಫ್ಟ್‌ವೇರ್ ಮಾನದಂಡ) ಸಾಫ್ಟ್‌ವೇರ್ ವರ್ಗ ಸಿ, ಅಂದರೆ ಅತಿ ಕಟ್ಟುನಿಟ್ಟಿನದು, ಎಂದೇ ಹೊರಡಿ. ಬಿಎಫ್ ಮಾದರಿಗೆ (ರೋಗಿಯ ಮೈಗೆ ತಾಗುವ ಭಾಗ ನೆಲದಿಂದ ಬೇರ್ಪಟ್ಟದ್ದು) ರೋಗಿಯ ಲೀಕೇಜ್ ಕರೆಂಟ್ ಮಿತಿ ಸಾಮಾನ್ಯ ಸ್ಥಿತಿಯಲ್ಲಿ 100 ಮೈಕ್ರೊಆಂಪಿಯರ್, ಒಂದು ದೋಷ ಇದ್ದಾಗ 500.

ಭಾರತದಲ್ಲಿ ಪರೀಕ್ಷೆಗಾಗಿ ತಯಾರಿಸುವುದಕ್ಕೂ ವೈದ್ಯಕೀಯ ಸಾಧನ ನಿಯಮ 2017ರ ಪ್ರಕಾರ ಪರವಾನಗಿ ಬೇಕು: ಎಂಡಿ-12ರಲ್ಲಿ ಅರ್ಜಿ, ಎಂಡಿ-13ರಲ್ಲಿ ಪರವಾನಗಿ. ಮಾದರಿ ಕೈಗೆ ಬಂದ ಮೇಲೆ ನೋಡೋಣ ಎಂದುಕೊಳ್ಳಬೇಡಿ.

ಬಯೋಮೆಡ್_ತುಮಕೂರು

ಕೊನೆಯ ಪ್ರಶ್ನೆ. ಬೆಂಚ್ ಮೇಲೆ ಯಾವುದನ್ನು ಕೊರೆದು ಮಿತಿಗಳನ್ನು ಹೊಂದಿಸಬೇಕು?

ಎಲುಬು_ಡಾಕ್ಟರ್_ಧಾರವಾಡ

ಮೊದಲು ಪಾಲಿಯುರೆಥೇನ್ ಫೋಮ್ ಬ್ಲಾಕ್, ಎಎಸ್‌ಟಿಎಂ ಎಫ್1839 ದರ್ಜೆ ಬರೆದದ್ದು. ಅದು ಪ್ರತಿ ಸಲ ಒಂದ ನಮೂನಿ ಇರ್ತದ, ಕೋಡ್ ತಪ್ಪೋ ಎಲುಬು ಬ್ಯಾರೇನೋ ಅಂತ ಗೊಂದಲ ಆಗೂದಿಲ್ಲ. ಆಮೇಲೆ ಕಟುಕರ ಅಂಗಡಿ ಎಲುಬು. ದನದ ಎಲುಬಿನ ಕಾರ್ಟೆಕ್ಸ್ ಮನುಷ್ಯಂದಕ್ಕಿಂತ ದಪ್ಪ, ಅಲ್ಲಿ ಹೊಂದಿಸಿದ ಮಿತಿ ಮನುಷ್ಯರಿಗೆ ಹಂಗ ಹಾಕಬ್ಯಾಡ್ರಿ; ಆಡಿನ ಕಾಲೆಲುಬು ತೆಳು ಅದ, ಎರಡೂ ನೋಡ್ರಿ. ಒಣಗಿಸಬ್ಯಾಡ್ರಿ. ಒಣ ಎಲುಬು ಬಿರುಸಾಗಿ ಚಟಕ್ ಅಂತ ಒಡೀತದ, ಬಲದ ಗೆರಿ ಬ್ಯಾರೆನ ಬರ್ತದ. ಸಲೈನ್ ಬಟ್ಟಿ ಸುತ್ತಿ ಮೈನಸ್ 20ರಾಗ ಇಟ್ಟು, ಪೂರಾ ಕರಗಿದ ಮ್ಯಾಲೆ ಕೊರೀರಿ. ಆಚೆ ಕಡೆ ಮಾಂಸ ಬಿಡಿಸಬ್ಯಾಡ್ರಿ, ಬಿಟ್ ಅದಕ್ಕ ತಾಗಿದಾಗ ಬಲ ಎಷ್ಟ ಉಳೀತದ ಅಂತ ನೋಡಬೇಕು. ಬರೇ ಗಾಳಿಯೊಳಗ ಹೊರಗ ಬಂದ್ರ ಇಳಿಕಿ ಚೊಕ್ಕ ಕಾಣ್ತದ, ಆಪರೇಶನ್‌ನಾಗ ಹಂಗ ಇರೂದಿಲ್ಲ.

ಫರ್ಮ್‌ವೇರ್_ಮಲೆನಾಡು

ಪ್ರತಿ ತೂತಿಗೂ ಕಚ್ಚಾ ದತ್ತಾಂಶ ಪೂರ್ತಿ ಉಳಿಸಿ: ಬಿಟ್ ಬಲ, ಸ್ಲೀವ್ ಬಲ, ಕರೆಂಟ್, ಕೋನ, ಫೀಡ್ ಸ್ಥಾನ, ತಾಪ, ಎಲ್ಲವೂ 4,000ದ ದರದಲ್ಲಿ. ನಿಜವಾಗಿ ದಾಟಿದ್ದು ಯಾವಾಗ ಎಂಬುದಕ್ಕೆ ಬೇರೆಯೇ ಸಾಕ್ಷಿ ಬೇಕು. ಮೂಳೆಯ ಆಚೆ ಬದಿಯಲ್ಲಿ ಮಾಂಸ ಇಲ್ಲದ ಪ್ರಯೋಗಗಳಿಗೆ ತೆಳು ತಾಮ್ರದ ಹಾಳೆ ಅಂಟಿಸಿ, ಮೂಳೆಗೂ ಹಾಳೆಗೂ ನಡುವೆ ಪ್ಲಾಸ್ಟಿಕ್ ಟೇಪ್ ಇರಲಿ, ಇಲ್ಲದಿದ್ದರೆ ಒದ್ದೆ ಮೂಳೆಯಲ್ಲೇ ವಿದ್ಯುತ್ ಹರಿಯುತ್ತದೆ. ಬಿಟ್ ತಾಮ್ರ ಮುಟ್ಟಿದ ಕ್ಷಣ ಒಂದು ಪಿನ್‌ನಲ್ಲಿ ದಾಖಲಾಗಲಿ. ಪತ್ತೆಯಾದ ಹೊತ್ತಿನಿಂದ ಅದನ್ನು ಕಳೆದು ಮಿ.ಮೀ.ಗೆ ತಿರುಗಿಸಿ, ಟೇಪ್‌ನ ದಪ್ಪ ಬಿಟ್ಟು ಲೆಕ್ಕ ಹಾಕಿ. ಹೊಸ ಬಿಟ್, ಮೊಂಡ ಬಿಟ್, ನೇರ, 30 ಡಿಗ್ರಿ ಓರೆ, ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಿರಿ. ಸರಾಸರಿ ಬೇಡ, ಪ್ರತಿ ಗುಂಪಿನ ಅತಿ ಕೆಟ್ಟ ಅಂಕಿಯನ್ನು ಇಲ್ಲಿ ಹಾಕಿ. ಓರೆ ಮತ್ತು ಮೊಂಡು ಸೇರಿದ ಗುಂಪಿನಲ್ಲಿ 1.5 ಮಿ.ಮೀ. ಮೀರಿದರೆ ಮಿತಿ ತಿದ್ದುವ ಮೊದಲು ಸ್ಲೀವ್ ಹಲ್ಲು ಜಾರುತ್ತಿದೆಯೇ ನೋಡಿ.